ಕ್ಸೇವಿಯರರ ಪತ್ರಗಳನ್ನು ಓದುವಾಗ



ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರು ಕೇಳದ ಕಥೋಲಿಕ ಕುಟುಂಬ ನಮ್ಮ ನಾಡಿನಲ್ಲಿ ಇರಲಾರದು. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೇ ಗೋವೆಯಲ್ಲಿ ಅವರ ಪಾರ್ಥಿವ ಶರೀರದ ಸಾರ್ವಜನಿಕ ದರ್ಶನ ನಡೆದಾಗ ಕರ್ನಾಟಕದಿಂದಲೂ ಯಾತ್ರಿಕರು ಹೋಗಿ ಬಂದರು. ಕಡಲಿಗೆ ಬಿದ್ದ ಅವರ ಶಿಲುಬೆಯನ್ನು ಏಡಿಯೊಂದು ದಡಕ್ಕೆ ತಂದುಕೊಟ್ಟ ಕಥೆಯನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಹೋದ ನಾಡಿನ ಭಾಷೆಯೆಲ್ಲ ಅವರ ನಾಲಗೆಗೆ ತಾನಾಗಿ ಒಲಿಯುತ್ತಿತ್ತೆಂದು ಪ್ರಬೋಧನೆಗಳಲ್ಲಿ ಕೇಳಿದ್ದೇವೆ. ಆದರೆ ಆ ಸಂತರೇ ಬರೆದ ಪತ್ರಗಳನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಗುರುಗಳಾದ ನಾವೂ ವರ್ಷಕ್ಕೊಮ್ಮೆ, ಡಿಸೆಂಬರ್ 3ರ ಪ್ರಾರ್ಥನಾವಿಧಿಯಲ್ಲಿ ಬರುವ ಒಂದು ತುಣುಕನ್ನು ಓದಿ ಪುಸ್ತಕ ಮುಚ್ಚುತ್ತೇವೆ.

ಉಳಿದುಬಂದಿರುವ ಪತ್ರಗಳು ಮತ್ತು ಸೂಚನಾಪತ್ರಗಳು ನೂರಕ್ಕೂ ಮೀರಿವೆ. ಯೇಸುಸಭೆಯ ವಿದ್ವಾಂಸರಾದ ಗೇಯೋರ್ಗ್ ಶೂರ್ಹಾಮರ್ ಮತ್ತು ಯೋಸೆಫ್ ವಿಕಿ ಅವುಗಳನ್ನು ಶೋಧಿಸಿ 1944–45ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಜೋಸೆಫ್ ಕಾಸ್ಟೆಲೊ ಅವರ ಇಂಗ್ಲಿಷ್ ಅನುವಾದ 1992ರಲ್ಲಿ ಬಂದಿತು. ಈ ಪತ್ರಗಳಲ್ಲಿ ಏಡಿಯ ಕಥೆ ಎಲ್ಲಿಯೂ ಇಲ್ಲ. ಭಾಷಾವರದ ಮಾತಂತೂ ಇಲ್ಲವೇ ಇಲ್ಲ. ಅದಕ್ಕೆ ನೇರ ವಿರುದ್ಧವಾದುದೇ ಇದೆ. 1544ರ ಆಗಸ್ಟ್‌ನಲ್ಲಿ ಮುತ್ತಿನ ಕರಾವಳಿಯಿಂದ ಬರೆದ ಕಿರುಪತ್ರವೊಂದರಲ್ಲಿ, ದುಭಾಷಿ ಜೊತೆಗಿಲ್ಲದ ಕಾರಣ ಜನರ ಮಾತು ತಮಗೆ ಅರ್ಥವಾಗದು, ತಮ್ಮ ಮಾತು ಅವರಿಗೆ ಅರ್ಥವಾಗದು ಎಂದು ಅರ್ಧ ನಗುತ್ತಾ ತೋಡಿಕೊಂಡಿದ್ದಾರೆ. ಐದು ವರ್ಷಗಳ ಬಳಿಕ ಜಪಾನಿನಿಂದ ಬರೆಯುವಾಗ, ಈ ಜನರ ನಡುವೆ ತಾವು ಕಲ್ಲಿನ ಪ್ರತಿಮೆಗಳಂತೆ ಮೂಕರಾಗಿ ನಿಂತಿರುವುದಾಗಿಯೂ ಚಿಕ್ಕ ಮಕ್ಕಳಂತೆ ನುಡಿ ಕಲಿಯಬೇಕಾಗಿರುವುದಾಗಿಯೂ ತಿಳಿಸುತ್ತಾರೆ. ನಮ್ಮ ಭಕ್ತಿ ಕಟ್ಟಿದ ಸಂತನಿಗಿಂತ ಪತ್ರಗಳಲ್ಲಿ ಕಾಣುವ ಈ ಮನುಷ್ಯನೇ ನನಗೆ ದೊಡ್ಡವನಾಗಿ ತೋರುತ್ತಾನೆ.

ಅವರ ಪಯಣದ ಹಾದಿಯನ್ನು ಚುಟುಕಾಗಿ ಹೇಳುವುದಾದರೆ: 1541ರ ಏಪ್ರಿಲ್ 7ರಂದು, ತಮ್ಮ ಮೂವತ್ತೈದನೆಯ ಹುಟ್ಟುಹಬ್ಬದ ದಿನ ಲಿಸ್ಬನ್ನಿನಿಂದ ಹೊರಟರು, ಮೊಜಾಂಬಿಕ್ಕಿನಲ್ಲಿ ತಂಗಿ 1542ರ ಮೇ 6ರಂದು ಗೋವೆಗೆ ಬಂದರು. ಮುಂದೆ ತೂತುಕುಡಿ, ಮಣಪ್ಪಾಡುಗಳ ಕರಾವಳಿ, ತಿರುವಿದಾಂಕೂರು, ಮೈಲಾಪುರ, ಮಲಕ್ಕಾ, ಈಗಿನ ಇಂಡೋನೇಷ್ಯಕ್ಕೆ ಸೇರಿದ ಮೊಲುಕ್ಕಾ ದ್ವೀಪಗಳು, 1549ರ ಆಗಸ್ಟ್ 15ರಂದು ಜಪಾನಿನ ಕಾಗೋಶಿಮಾ. ಕೊನೆಗೆ ಚೀನಾದ ಬಾಗಿಲಲ್ಲಿರುವ ಶಾಂಗ್‌ಚುವಾನ್ ದ್ವೀಪದಲ್ಲಿ 1552ರ ಡಿಸೆಂಬರ್ 3ರಂದು ಮರಣ. ವಯಸ್ಸು ನಲವತ್ತಾರು.

ಇಷ್ಟು ನಾಡುಗಳನ್ನು ಸುತ್ತಿದವರ ಬರಹದಲ್ಲಿ ಪ್ರವಾಸಕಥನವನ್ನು ಹುಡುಕಹೊರಟರೆ ನಿಮಗೆ ನಿರಾಸೆ ಖಂಡಿತ. ಗೋವೆಯ ತೆಂಗಿನ ತೋಟ, ಮಲಕ್ಕಾದ ಪೇಟೆ, ಲವಂಗ ಬೆಳೆಯುವ ದ್ವೀಪಗಳ ಚೆಲುವು ಅವರ ಕಣ್ಣನ್ನು ತಡೆದು ನಿಲ್ಲಿಸಿದ್ದು ಅಪರೂಪ. ಕಡಲಿನ ಬಿರುಗಾಳಿಯನ್ನು ವರ್ಣಿಸುವಾಗಲೂ ಅವರ ಗಮನವೆಲ್ಲ ಸಾವಿನ ಅಂಚಿನಲ್ಲಿ ತಮ್ಮ ಮನಸ್ಸು ಎಲ್ಲಿ ಆತುಕೊಂಡಿತೆಂಬುದರ ಮೇಲೆ. ಜನರನ್ನು ನೋಡುವ ಕಣ್ಣಾದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿತ್ತೇ? ಪತ್ರಗಳನ್ನು ವರ್ಷಾನುಕ್ರಮದಲ್ಲಿ ಓದಿದರೆ ಈ ಪ್ರಶ್ನೆ ತಾನಾಗಿ ಏಳುತ್ತದೆ.

ಅದಕ್ಕೆ ಮೊದಲು, ಈ ಪತ್ರಗಳು ಒಂದೇ ಬಗೆಯವಲ್ಲವೆಂಬುದನ್ನು ನೆನಪಿಡಬೇಕು. ಸಂತ ಇಗ್ನಾಸಿಯವರು ತಮ್ಮ ಸಂಗಡಿಗರಿಗೆ ಒಂದು ಕಟ್ಟಳೆ ವಿಧಿಸಿದ್ದರು: ಯಾರಿಗೂ ತೋರಿಸಬಹುದಾದ ಸಂಗತಿಗಳನ್ನು ಮುಖ್ಯ ಪತ್ರದಲ್ಲಿ ಬರೆಯಬೇಕು, ಆಂತರಿಕ ವಿಷಯಗಳನ್ನು ಬೇರೆ ಹಾಳೆಯಲ್ಲಿಡಬೇಕು. ಮುಖ್ಯ ಪತ್ರಗಳನ್ನು ನಕಲು ಮಾಡಿ ಮನೆಯಿಂದ ಮನೆಗೆ, ಊರಿಂದ ಊರಿಗೆ ಓದಿಸುತ್ತಿದ್ದರು. 1544ರ ಜನವರಿ 15ರಂದು ಕೊಚ್ಚಿಯಿಂದ ಬರೆದ ಪತ್ರವು ಮರುವರ್ಷವೇ ಪ್ಯಾರಿಸಿನಲ್ಲಿ ಅಚ್ಚಾಯಿತು. ಜ್ಞಾನಸ್ನಾನ ಕೊಟ್ಟು ಕೊಟ್ಟು ಕೈ ಸೋತ ಸಂಗತಿ ಇರುವುದು ಅದರಲ್ಲಿಯೇ. ಪ್ಯಾರಿಸಿನ ವಿಶ್ವವಿದ್ಯಾಲಯಕ್ಕೆ ಹೋಗಿ, ವಿದ್ಯೆಯಿದ್ದೂ ಪ್ರೀತಿಯಿಲ್ಲದವರನ್ನು ಹುಚ್ಚನಂತೆ ಕೂಗಿ ಎಚ್ಚರಿಸಬೇಕೆಂಬ ಹಂಬಲವೂ ಅದರದೇ. 1545ರ ಜನವರಿಯ ಪತ್ರದಲ್ಲಿ ತಿರುವಿದಾಂಕೂರಿನ ಮುಕ್ಕುವ ಬೆಸ್ತರಲ್ಲಿ ಒಂದೇ ತಿಂಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಜ್ಞಾನಸ್ನಾನ ಕೊಟ್ಟ ಲೆಕ್ಕವಿದೆ. ಇವು ಯುರೋಪಿನ ತರುಣರನ್ನು ಹಡಗು ಹತ್ತಿಸಿದ ಪತ್ರಗಳು, ಹತ್ತಿಸಲೆಂದೇ ಬರೆದವು. ಅವುಗಳ ಕಿಚ್ಚು ಸುಳ್ಳಲ್ಲ. ಆದರೆ ಅವುಗಳಲ್ಲಿ ಒಬ್ಬನೇ ಒಬ್ಬ ಬೆಸ್ತನ ಹೆಸರನ್ನಾಗಲಿ, ಒಂದು ಮಾತನ್ನಾಗಲಿ ಹುಡುಕಿ ತೆಗೆಯುವುದು ಕಷ್ಟ.

ಬೆಸ್ತರು ಕಾಣಿಸುವುದು ಮತ್ತೊಂದು ಬಗೆಯ ಪತ್ರಗಳಲ್ಲಿ. ಅದೇ ಕರಾವಳಿಯ ಬೇರೊಂದು ಹಳ್ಳಿಯಲ್ಲಿದ್ದ ಜೊತೆಗಾರ ಫ್ರಾನ್ಸಿಸ್ಕೋ ಮನ್ಸಿಲ್ಯಾಸರಿಗೆ 1544ರಲ್ಲಿ ಬರೆದ ಇಪ್ಪತ್ತಕ್ಕೂ ಹೆಚ್ಚು ಕಿರುಪತ್ರಗಳಿವೆ. ಉಪದೇಶಿಗಳಿಗೆ ಹಣ ಸಂದಿತೇ, ಮಕ್ಕಳು ಪ್ರಾರ್ಥನೆ ಕಲಿಯುತ್ತಿದ್ದಾರೆಯೇ, ಜನರ ಮೇಲೆ ಸಿಡುಕಬೇಡ, ಕೆಟ್ಟ ಮಕ್ಕಳನ್ನೂ ತಂದೆ ಸಹಿಸುವಂತೆ ಸಹಿಸಿಕೋ ಎಂಬಿಂಥ ಮಾತುಗಳು. (ಈ ಮನ್ಸಿಲ್ಯಾಸರು ಮುಂದೆ ಮೊಲುಕ್ಕಾಕ್ಕೆ ಹೋಗೆಂದಾಗ ಒಪ್ಪದೆ ಯೇಸುಸಭೆಯಿಂದ ಹೊರಗಾದರು. ತಾಳ್ಮೆಯ ಪಾಠ ಇಬ್ಬರಿಗೂ ಬೇಕಿತ್ತೇನೋ!) ಆ ವರ್ಷದ ಜೂನ್ ತಿಂಗಳಿನಲ್ಲಿ ಉತ್ತರದಿಂದ ಬಂದ ದಂಡು ಕನ್ಯಾಕುಮಾರಿಯ ಬಳಿಯ ಬೆಸ್ತರ ಮೇಲೆ ಎರಗಿತು. ಜನರು ಪ್ರಾಣಭಯದಿಂದ ಕಡಲ ನಡುವಿನ ಬಂಡೆಗಳನ್ನೇರಿ ಹಸಿವು ನೀರಡಿಕೆಗಳಿಂದ ಸಾಯುತ್ತಿದ್ದರು. ಕ್ಸೇವಿಯರರು ಇಪ್ಪತ್ತು ದೋಣಿಗಳಲ್ಲಿ ಆಹಾರ ಹೇರಿಕೊಂಡು ಹೊರಟರು. ಎದುರುಗಾಳಿಯಿಂದಾಗಿ ದಿನಗಟ್ಟಲೆ ಹೆಣಗಿದರೂ ದೋಣಿಗಳು ಮುಂದೆ ಸಾಗಲಿಲ್ಲ. ಪತ್ರದಲ್ಲಿ ಆ ದಂಡಿನವರನ್ನು ‘ಬಡಗರು’ ಎಂದಿದೆ. ಬಡಗ ಎಂದರೆ ಉತ್ತರವೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅವರು ವಿಜಯನಗರದ ಕಡೆಯವರು. ನಾವು ಹೆಮ್ಮೆಯಿಂದ ನೆನೆಯುವ ಸಾಮ್ರಾಜ್ಯವು ಆ ಬಂಡೆಗಳ ಮೇಲಿದ್ದವರಿಗೆ ಹೇಗೆ ಕಂಡಿರಬಹುದೆಂಬುದನ್ನು ತಿಳಿಯಲು ಈ ಪತ್ರವನ್ನು ಓದಬೇಕು.

ಪೋರ್ಚುಗೀಸರ ವಿಷಯದಲ್ಲಿಯೂ ಅವರು ಕಣ್ಣು ಮುಚ್ಚಿಕೊಂಡವರಲ್ಲ. ಪೋರ್ಚುಗೀಸನೊಬ್ಬನು ಸ್ಥಳೀಯ ಅರಸುಮನೆತನದ ಸೇವಕನನ್ನು ಸೆರೆಹಿಡಿದು ಒಯ್ದಾಗ, ನಮ್ಮವನನ್ನು ಈ ನಾಡಿನವರು ಹೀಗೆಯೇ ಒಯ್ದಿದ್ದರೆ ನಮಗೆ ಹೇಗಾಗುತ್ತಿತ್ತೆಂದು ಕೇಳುತ್ತಾರೆ. 1545ರಲ್ಲಿ ಲಿಸ್ಬನ್ನಿನ ಗೆಳೆಯ ಸಿಮೋನ್ ರೊದ್ರಿಗಸರಿಗೆ, ನಿಮಗೆ ಬೇಕಾದವರಾರನ್ನೂ ಸರ್ಕಾರಿ ಹುದ್ದೆಯ ಮೇಲೆ ಇಲ್ಲಿಗೆ ಕಳುಹಿಸಬೇಡಿರೆಂದು ಬರೆದರು. ಇಲ್ಲಿಗೆ ಬರುವವರೆಲ್ಲರೂ ‘ದೋಚು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದಕ್ಕೆ ಹೊಸ ಹೊಸ ರೂಪಗಳನ್ನು ಕಂಡುಹಿಡಿಯುತ್ತಾರೆಂಬ ಕಟಕಿಯೂ ಅದರಲ್ಲಿದೆ. ಗುರುಮಠದಲ್ಲಿ ಲ್ಯಾಟಿನ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿ ಬೆವರಿದವರು ಈ ಹಾಸ್ಯವನ್ನು ಚೆನ್ನಾಗಿ ಸವಿಯಬಲ್ಲರು.

ಆದರೆ ಅದೇ ಲೇಖನಿ ಮರುವರ್ಷ ಬರೆದ ಒಂದು ಪತ್ರವನ್ನು ನಾವು ಮರೆಮಾಚಬಾರದು. 1546ರ ಮೇ 16ರಂದು ಅಂಬೋನ್ ದ್ವೀಪದಿಂದ ಪೋರ್ಚುಗಲ್ಲಿನ ದೊರೆ ಮೂರನೆಯ ಜಾನ್‌ಗೆ ಬರೆದ ಪತ್ರದಲ್ಲಿ, ಭಾರತಕ್ಕೆ ಧರ್ಮವಿಚಾರಣಾ ನ್ಯಾಯಾಲಯ ಅಗತ್ಯವೆಂದು ಕೇಳಿದ್ದಾರೆ. ‘ಇಂಕ್ವಿಸಿಷನ್’ ಎಂದರೆ ಎಲ್ಲರಿಗೂ ತಿಳಿದೀತು. ಅವರು ತೀರಿಕೊಂಡು ಎಂಟು ವರ್ಷಗಳ ನಂತರ, 1560ರಲ್ಲಿ, ಅದು ಗೋವೆಯಲ್ಲಿ ಸ್ಥಾಪನೆಯಾಯಿತು. ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ 1812ರವರೆಗೆ ನಡೆಯಿತು. ಗೋವೆಯಿಂದ ಕೊಂಕಣಿ ಕುಟುಂಬಗಳು ಕನ್ನಡ ಕರಾವಳಿಗೆ ವಲಸೆ ಬಂದುದಕ್ಕೆ ಯುದ್ಧ, ಬರ, ಕಂದಾಯಗಳ ಜೊತೆಗೆ ಅದರ ಭಯವೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಈ ಮಾಸಪತ್ರಿಕೆಯನ್ನು ಓದುವ ಹಲವರ ಪೂರ್ವಿಕರು ಆ ವಲಸೆಯಲ್ಲಿ ನಡೆದು ಬಂದವರೇ. ಕಾಲವೇ ಹಾಗಿತ್ತೆಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಆ ಸಮಾಧಾನ ಸಾಲದು. ಪೋರ್ಚುಗೀಸ್ ಅಧಿಕಾರಿಗಳ ಲೋಭವನ್ನು ಅಷ್ಟು ಚೆನ್ನಾಗಿ ಬಲ್ಲವರು, ಅದೇ ಅಧಿಕಾರದ ಕೈಗೆ ಮನಸ್ಸಾಕ್ಷಿಗಳ ಬೀಗದ ಕೈಯನ್ನು ಕೊಡಿಸಬಯಸಿದರಲ್ಲ ಎಂಬ ವ್ಯಥೆ ಉಳಿಯುತ್ತದೆ. ಅದೇ ತಿಂಗಳು ಅದೇ ದ್ವೀಪದಿಂದ ಹೊರಟ ಇನ್ನೊಂದು ಪತ್ರದಲ್ಲಿ, ಗೆಳೆಯರ ಕಾಗದಗಳಿಂದ ಅವರವರ ಸಹಿಗಳನ್ನು ಕತ್ತರಿಸಿ ತೆಗೆದು ತಮ್ಮ ವ್ರತದ ಪ್ರತಿಜ್ಞೆಯೊಡನೆ ಮೈಮೇಲೆ ಧರಿಸಿರುವುದಾಗಿ ಬರೆಯುತ್ತಾರೆ. ಎರಡನ್ನೂ ಬರೆದವರು ಒಬ್ಬರೇ. ಒಂದನ್ನು ಓದಿ ಇನ್ನೊಂದನ್ನು ಬಿಡುವಂತಿಲ್ಲ.

ಈಗ ಜನರನ್ನು ನೋಡುವ ಕಣ್ಣಿನ ಮಾತಿಗೆ ಮರಳೋಣ. 1544ರ ಆ ಪ್ರಸಿದ್ಧ ಪತ್ರದಲ್ಲಿಯೇ ಒಬ್ಬ ವಿದ್ವಾಂಸ ಬ್ರಾಹ್ಮಣ ಬರುತ್ತಾನೆ. ದೇವರು ಒಬ್ಬನೇ ಎಂಬುದು ತಮ್ಮ ಗುರುಗಳು ಕಲಿಸುವ ಗುಟ್ಟೆಂದು ಅವನು ಹೇಳುತ್ತಾನೆ. ನಾರಾಯಣ ನಾಮದ ಮಂತ್ರವೊಂದನ್ನೂ ತಿಳಿಸುತ್ತಾನೆ. ಕ್ಸೇವಿಯರರು ಅದನ್ನು ಕಿವಿಗೆ ಬಿದ್ದಂತೆ ಬರೆದಿಟ್ಟು ಮುಂದೆ ನಡೆದುಬಿಡುತ್ತಾರೆ. ಆ ಮನುಷ್ಯನ ಜೊತೆ ಮತ್ತೊಂದು ಸಂಜೆ ಕುಳಿತಿದ್ದರೆ? ಮುಂದಿನ ಪತ್ರಗಳಲ್ಲಿ ಅವನ ಸುಳಿವಿಲ್ಲ. ಅವಸರ ಅಷ್ಟಿತ್ತು.

ಜಪಾನಿನಲ್ಲಿ ಆ ಅವಸರ ನಿಂತಿತು, ನಿಲ್ಲಲೇಬೇಕಾಯಿತು. ಅಲ್ಲಿ ಅವರ ಬೆನ್ನಿಗೆ ಪೋರ್ಚುಗೀಸ್ ಕೋಟೆಯಿರಲಿಲ್ಲ. ಜನರು ಕೇಳಿ ಒಪ್ಪಿದರುಂಟು, ಇಲ್ಲವೆಂದರೆ ಇಲ್ಲ. ಕಾಗೋಶಿಮಾದಿಂದ 1549ರ ನವೆಂಬರ್ 5ರಂದು ಬರೆದ ದೀರ್ಘ ಪತ್ರದಲ್ಲಿ ಮೊದಲ ಬಾರಿಗೆ ಅನ್ಯಧರ್ಮದ ಒಬ್ಬ ಹಿರಿಯರು ಹೆಸರು ಸಮೇತ, ಗೆಳೆಯರಾಗಿ ಕಾಣಿಸುತ್ತಾರೆ: ಬೌದ್ಧ ಮಠಾಧಿಪತಿ ನಿನ್‌ಶಿತ್ಸು. ಆತ್ಮ ಅಮರವೋ ಅಲ್ಲವೋ ಎಂಬುದರಲ್ಲಿ ಅವರಿಗೇ ಅನುಮಾನವಿದ್ದುದನ್ನು ಕ್ಸೇವಿಯರರು ಪ್ರೀತಿಯಿಂದಲೇ ದಾಖಲಿಸುತ್ತಾರೆ. ಸಂವಾದವೆಲ್ಲ ಸುಗಮವಾಗಿರಲಿಲ್ಲ. ಜೊತೆಗಾರ ಅಂಜಿರೋ ಹೇಳಿಕೊಟ್ಟಂತೆ ದೇವರಿಗೆ ‘ದೈನಿಚಿ’ ಎಂಬ ಬೌದ್ಧ ಹೆಸರನ್ನು ಬಳಸಿ ಬೋಧಿಸಿ, ಅದರ ಅರ್ಥ ಬೇರೆಯೆಂದು ತಿಳಿದ ಮೇಲೆ ಕೈಬಿಟ್ಟ ಸಂಗತಿ ಮುಂದೆ ಲೂಯಿಸ್ ಫ್ರೋಯಿಸರು ಬರೆದ ಚರಿತ್ರೆಯಲ್ಲಿ ಬರುತ್ತದೆ.

ಇಡೀ ಸಂಗ್ರಹದಲ್ಲಿ ಒಂದೇ ಒಂದು ಪತ್ರವನ್ನು ಓದಲು ನಿಮಗೆ ಬಿಡುವಿದ್ದರೆ, ಜಪಾನಿನಿಂದ ಮರಳಿದ ಮೇಲೆ 1552ರ ಜನವರಿ 29ರಂದು ಕೊಚ್ಚಿಯಲ್ಲಿ ಬರೆದುದನ್ನು ಆರಿಸಿಕೊಳ್ಳಿ. ಯಾಮಾಗುಚಿ ನಗರದ ಜನರು ಬೆಳಗಿನಿಂದ ರಾತ್ರಿಯವರೆಗೆ ಬಂದು ಕೇಳಿದ ಪ್ರಶ್ನೆಗಳು ಅದರ ತುಂಬ ಇವೆ. ಪ್ರಶ್ನೆ ಕೇಳುವವರು ಇಲ್ಲಿ ಬರಿಯ ಲೆಕ್ಕದ ತಲೆಗಳಾಗಿ ಉಳಿದಿಲ್ಲ. ದೇವರು ಒಳ್ಳೆಯವನಾದರೆ ಇಷ್ಟು ಕಾಲ ನಮಗೇಕೆ ತನ್ನನ್ನು ತಿಳಿಯಪಡಿಸಲಿಲ್ಲ? ಇದು ನಿಜವಾದರೆ ವಿದ್ಯಾವಂತರಾದ ಚೀನೀಯರಿಗೆ ಏಕೆ ಗೊತ್ತಿಲ್ಲ? ಎಲ್ಲಕ್ಕಿಂತ ಇರಿಯುವ ಪ್ರಶ್ನೆ ಬಂದುದು ಜ್ಞಾನಸ್ನಾನ ಪಡೆದವರಿಂದಲೇ. ತೀರಿಹೋದ ನಮ್ಮ ತಂದೆತಾಯಿಗಳು, ಹೆಂಡತಿ ಮಕ್ಕಳು ಏನಾದರು? ದಾನದಿಂದ, ಪ್ರಾರ್ಥನೆಯಿಂದ ಅವರನ್ನು ನರಕದಿಂದ ಬಿಡಿಸಲಾಗದೇ? ಕ್ಸೇವಿಯರರು ತಮ್ಮ ಕಾಲದ ದೈವಶಾಸ್ತ್ರ ಕಲಿಸಿದಂತೆ, ಅದಕ್ಕೆ ಪರಿಹಾರವಿಲ್ಲವೆಂದು ಉತ್ತರಿಸಿದರು. ಅವರು ಅತ್ತರು. ಇಷ್ಟು ಪ್ರೀತಿಯ ಗೆಳೆಯರು ಪರಿಹಾರವಿಲ್ಲದ ದುಃಖಕ್ಕಾಗಿ ಅಳುವುದನ್ನು ಕಂಡು ತಮಗೂ ವೇದನೆಯಾಗುತ್ತದೆಂದು ಅವರು ಬರೆದಿದ್ದಾರೆ.

ನಮ್ಮ ಹಳ್ಳಿಗಳಲ್ಲಿಯೂ ಮೂರು ನಾಲ್ಕು ತಲೆಮಾರಿನ ಹಿಂದೆ ವಿಶ್ವಾಸಕ್ಕೆ ಬಂದ ಕುಟುಂಬಗಳಿವೆ. ಸಮಸ್ತ ಮೃತರ ದಿನದಂದು ಸಮಾಧಿಯ ಬಳಿ ನಿಂತು, ಅದಕ್ಕೂ ಹಿಂದಿನ ಅಜ್ಜ ಮುತ್ತಜ್ಜರಿಗಾಗಿ ಪ್ರಾರ್ಥಿಸಬಹುದೇ ಸ್ವಾಮಿ ಎಂದು ಕೇಳುವವರಿದ್ದಾರೆ. ಅದು ಯಾಮಾಗುಚಿಯ ಪ್ರಶ್ನೆಯೇ. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನರಿಯದವರು, ಪ್ರಾಮಾಣಿಕವಾಗಿ ದೇವರನ್ನರಸಿ ಮನಸ್ಸಾಕ್ಷಿಯಂತೆ ನಡೆದರೆ ರಕ್ಷಣೆ ಹೊಂದಬಲ್ಲರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ 16ನೆಯ ಪರಿಚ್ಛೇದದಲ್ಲಿ ಹೇಳಿತು. ಆದುದರಿಂದ ಇಂದು ನಾವು ಧಾರಾಳವಾಗಿ ‘ಪ್ರಾರ್ಥಿಸಿ’ ಎನ್ನುತ್ತೇವೆ.

ಆದರೆ ಆ ಉತ್ತರದ ಬೀಜವು ಕ್ಸೇವಿಯರರ ಅದೇ ಪತ್ರದಲ್ಲಿಯೇ ಇದೆ ಎಂಬುದು ನನ್ನ ಓದು. ಮೊದಲ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಗಮನಿಸಿ: ಚೀನಾದಿಂದ ಧರ್ಮಶಾಸ್ತ್ರಗಳು ಬರುವ ಮೊದಲೇ ಕೊಲ್ಲುವುದು, ಕದಿಯುವುದು ಕೆಟ್ಟದ್ದೆಂದು ನಿಮಗೆ ತಿಳಿದಿತ್ತು, ಯಾರೂ ಕಲಿಸದ, ಕಾಡಿನಲ್ಲಿ ಬೆಳೆದ ಮನುಷ್ಯನಿಗೂ ಅದು ತಿಳಿದಿರುತ್ತದೆ, ಸೃಷ್ಟಿಕರ್ತನು ಅದನ್ನು ಎಲ್ಲರ ಹೃದಯದಲ್ಲಿ ಬರೆದಿದ್ದಾನೆ. ಹಾಗೆ ಬರೆದವನು, ಆ ಬರಹದಂತೆ ಬಾಳಿದ ಮುದುಕ ತಂದೆಯನ್ನು ಏನು ಮಾಡುತ್ತಾನೆ? ಕ್ಸೇವಿಯರರು ಈ ಎರಡು ಉತ್ತರಗಳನ್ನು ಜೋಡಿಸಲಿಲ್ಲ. ಒಂದೇ ಪತ್ರದಲ್ಲಿ ಅವು ಬೇರೆ ಬೇರೆ ನಿಂತಿವೆ. ಅವುಗಳನ್ನು ಹತ್ತಿರ ತರಲು ಧರ್ಮಸಭೆಗೆ ನಾಲ್ಕು ಶತಮಾನ ಬೇಕಾಯಿತು. ಹತ್ತು ಸಾವಿರ ಜ್ಞಾನಸ್ನಾನಗಳ ಪತ್ರವನ್ನು ಹೆಮ್ಮೆಯಿಂದ ಓದುವ ನಾವು, ಈ ಅಳುವಿನ ಪತ್ರವನ್ನು ಪ್ರಬೋಧನೆಗಳಲ್ಲಿ ಏಕೆ ಬಿಟ್ಟುಬಿಡುತ್ತೇವೆಂಬುದು ನನಗೆ ತಿಳಿಯದು. ಎರಡು ತಿಂಗಳಲ್ಲಿ ಸುಮಾರು ಐನೂರು ಮಂದಿ ಯಾಮಾಗುಚಿಯಲ್ಲಿ ವಿಶ್ವಾಸಕ್ಕೆ ಬಂದರು. ಅವರನ್ನು ಕುರಿತು ಬರೆಯುವಾಗ ಇರುವ ಆಪ್ತತೆ ಹತ್ತು ಸಾವಿರದ ಲೆಕ್ಕದಲ್ಲಿಲ್ಲ.

ಚೀನೀಯರಿಗೆ ಏಕೆ ಗೊತ್ತಿಲ್ಲವೆಂಬ ಪ್ರಶ್ನೆಯೇ ಅವರನ್ನು ಚೀನಾದ ಕಡೆಗೆ ನಡೆಸಿತು. ಮಲಕ್ಕಾದ ಕಪ್ತಾನ ಆಲ್ವರೊ ದ ಅತಾಯಿದೆ ಅಡ್ಡಗಾಲು ಹಾಕಿದನು. ಶಾಂಗ್‌ಚುವಾನ್ ದ್ವೀಪದಲ್ಲಿ, ಮೆಣಸಿನ ಬೆಲೆಗೆ ಗುಟ್ಟಾಗಿ ಕ್ಯಾಂಟನ್ನಿಗೆ ಸಾಗಿಸುವೆನೆಂದ ಚೀನೀ ವರ್ತಕನು ಬರಲೇ ಇಲ್ಲ. 1552ರ ನವೆಂಬರ್ 13ರ ಕೊನೆಯ ಪತ್ರವು ಭಕ್ತಿಯ ವಿದಾಯವೆಂದು ಯಾರಾದರೂ ನಿರೀಕ್ಷಿಸಿಯಾರು. ಅದರಲ್ಲಿರುವುದು ಆ ಕಪ್ತಾನನ ಮೇಲಿನ ಬಹಿಷ್ಕಾರವನ್ನು ಘೋಷಿಸಬೇಕೆಂಬ ಖಡಕ್ಕಾದ ಸೂಚನೆ. ಯುರೋಪಿಗೆ ಮರಳಿ ಬರುವಂತೆ ಇಗ್ನಾಸಿಯವರು ಬರೆದ ಆದೇಶದ ತಾರೀಖು 1553ರ ಜೂನ್ 28. ಆ ವೇಳೆಗೆ ಅವರು ತೀರಿಕೊಂಡು ಆರು ತಿಂಗಳಿಗೂ ಹೆಚ್ಚಾಗಿತ್ತು.

ಅವರ ಮರಣದ ವಿವರ ನಮಗೆ ದೊರೆತಿರುವುದು ಬಳಿಯಿದ್ದ ಚೀನೀ ತರುಣ ಅಂತೋನಿಯೋನಿಂದ. ಗೋವೆಯಲ್ಲಿ ಓದಿ ತನ್ನ ತಾಯ್ನುಡಿಯನ್ನೇ ಬಹುಮಟ್ಟಿಗೆ ಮರೆತಿದ್ದ ದುಭಾಷಿ ಅವನು. ಜ್ವರದ ತಾಪದಲ್ಲಿ ಗುರುಗಳು ತನಗೆ ತಿಳಿಯದ ಒಂದು ಭಾಷೆಯಲ್ಲಿ ಮಾತನಾಡುತ್ತಿದ್ದರೆಂದು ಅವನು ಹೇಳಿದ್ದಾನೆ. ಅದು ಬಾಲ್ಯದಲ್ಲಿ ನವಾರದ ಮನೆಯಲ್ಲಿ ಆಡುತ್ತಿದ್ದ ಬಾಸ್ಕ್ ನುಡಿಯಾಗಿರಬೇಕೆಂದು ಶೂರ್ಹಾಮರರು ಊಹಿಸುತ್ತಾರೆ.