ಉಪ್ಸಾರಿಗೆ ಸಿಕ್ಕ ಸರ್ಟಿಫಿಕೇಟು

ಎಣ್ಣೆ ಇಲ್ಲ, ಕಾಯಿ ಇಲ್ಲ. ಉಪ್ಸಾರಿನಂಥ ಆರೋಗ್ಯದ ಊಟ ಇನ್ನೊಂದಿಲ್ಲ ಎಂಬ ಮಾತು ಅಡುಗೆ ಅಂಕಣಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಅಡುಗೆಗೆ ಕೊನೆಗೂ ಮರ್ಯಾದೆ ಸಿಕ್ಕಿತಲ್ಲ ಎಂದು ಖುಷಿಪಡಬಹುದು. ಆದರೆ ಸರ್ಟಿಫಿಕೇಟು ಬರೆದವರು ಉಪ್ಪಿನ ಡಬ್ಬಿಯ ಕಡೆ ಕಣ್ಣು ಹಾಯಿಸಿದಂತಿಲ್ಲ.

ಆ ಸೀಮೆಯ ಬದನಗುಪ್ಪೆ ಕಡೆಯ ಮನೆಗಳಲ್ಲಿ ಉಪ್ಸಾರು ಆಗುವ ಬಗೆ ನೋಡಿ. ಅವರೆಯೋ ಹಲಸಂದೆಯೋ ಸೊಪ್ಪಿನ ಜೊತೆ ಬೇಯುವಾಗ ಕೈಯಳತೆಯಲ್ಲಿ ಕಲ್ಲುಪ್ಪು ಬೀಳುತ್ತದೆ. ಕಟ್ಟು ಬಸಿದ ಮೇಲೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದು ಖಾರ ಮಾಡುವಾಗ ಮತ್ತೆ ಉಪ್ಪು. ಬಸಿದ ಸೊಪ್ಪು-ಕಾಳಿನ ಪಲ್ಯಕ್ಕೆ ರುಚಿ ನೋಡಿ ಇನ್ನೊಂದಿಷ್ಟು. ಇಷ್ಟು ಯಾಕೆಂದರೆ, ಪಕ್ಕದ ಹಿಟ್ಟಿಗೆ, ಅಂದರೆ ರಾಗಿಮುದ್ದೆಗೆ, ಸಾಮಾನ್ಯವಾಗಿ ಉಪ್ಪೇ ಹಾಕುವುದಿಲ್ಲ. ತುತ್ತನ್ನು ಅಗಿಯುವುದೂ ಇಲ್ಲ, ನುಂಗುವುದು. ನಾಲಿಗೆ ದಾಟುವ ಆ ಗಳಿಗೆಯಲ್ಲೇ ರುಚಿ ಹತ್ತಬೇಕಾದ್ದರಿಂದ ಹಿಟ್ಟಿನ ಪಾಲಿನ ಉಪ್ಪನ್ನೂ ಸಾರೇ ಹೊರುತ್ತದೆ. ಎಣ್ಣೆ, ಕಾಯಿ ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಉಪ್ಪು ಮಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಸಾರನ್ನು ಎರಡು ಸಲ ಹಾಕಿಸಿಕೊಂಡವರ ಚಮಚ ಮಧ್ಯಾಹ್ನಕ್ಕೇ ಬಹುಪಾಲು ಖಾಲಿಯಾಗಬಹುದು.

ಉಪ್ಸಾರಿನ ಪರವಾಗಿಯೂ ಒಂದು ಮಾತಿದೆ: ಸೊಪ್ಪು ಬೆಂದ ನೀರನ್ನು ಚೆಲ್ಲುವುದಿಲ್ಲ, ಪೊಟ್ಯಾಸಿಯಂ ಪೋಲಾಗುವುದಿಲ್ಲ. ಅದನ್ನು ಒಪ್ಪೋಣ.

‘ಬೆವರು ಸುರಿಸುವವರಿಗೆ ಉಪ್ಪು ಬೇಕಲ್ಲವೇ’ ಎನ್ನುವ ಹಳ್ಳಿಪ್ರೇಮಿಗಳಿದ್ದಾರೆ. ಅವರ ಹಳ್ಳಿಯಲ್ಲಿ ಇನ್ನೂ ಎಲ್ಲರೂ ನೇಗಿಲು ಹಿಡಿದೇ ಇದ್ದಾರೆ. ಕೆಲ್ಲಂಬಳ್ಳಿ-ಬದನಗುಪ್ಪೆ ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುವ ಹುಡುಗ ಅವರಿಗೆ ಕಾಣುವುದಿಲ್ಲ. ಅವನ ಸಾರಿಗೆ ಬೀಳುವ ಉಪ್ಪು ಮಾತ್ರ ಅಜ್ಜನ ಕಾಲದ್ದೇ. ಇನ್ನು ಪಟ್ಟಣದ ಪಂಡಿತರು: ‘ಪ್ಯಾಕೆಟ್ಟಿನ ಲೇಬಲ್ ಓದಿ’ ಅನ್ನುತ್ತಾರೆ. ಉಪ್ಪು ಹೆಚ್ಚಾಗಿ ಕಾರ್ಖಾನೆಯ ತಿನಿಸಿನಿಂದ ಬರುವ ದೇಶಗಳ ಬುದ್ಧಿಮಾತು ಅದು. ಅರೆದ ಖಾರಕ್ಕೆ ಯಾವ ಲೇಬಲ್? ‘ಬದಲಿ ಉಪ್ಪು ಬಳಸಿ’ ಎನ್ನುವ ಮಾತಿಗಾದರೂ ಆಧಾರವಿದೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಅದು ಅಪಾಯ. ಕಾಯಿಲೆ ಇದೆಯೆಂದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ನನ್ನ ಕೇಳಿದರೆ ಕತ್ತರಿ ಬೀಳಬೇಕಾದ್ದು ಕಟ್ಟಿನ ಉಪ್ಪಿಗೆ, ಖಾರದ್ದಕ್ಕಲ್ಲ. ತಟ್ಟೆಯಂಚಿನ ಖಾರ ನಾಲಿಗೆಗೆ ನೇರವಾಗಿ ತಾಗುತ್ತದೆ. ಕಟ್ಟಿನಲ್ಲಿ ಕರಗಿದ್ದು ಲೋಟಗಟ್ಟಲೆ ಒಳಗಿಳಿಯುತ್ತದೆ. ವಾರವಾರ ಸ್ವಲ್ಪಸ್ವಲ್ಪ ಇಳಿಸಿದರೆ ನಾಲಿಗೆ ಒಗ್ಗುತ್ತದೆ. ಅಷ್ಟರೊಳಗೆ ‘ಸಪ್ಪೆ’ ಎಂದು ತಟ್ಟೆ ತಳ್ಳುವವನು ಗಂಡ, ಬೈಸಿಕೊಳ್ಳುವವಳು ಹೆಂಡತಿ. ಅಡುಗೆ ಅಂಕಣಗಳಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ.