ಚಿತ್ರ ನಿಮ್ಮದು, ಗೆರೆ ಯಾರದು?

ವೈಟ್‌ಬೋರ್ಡ್ ಅನಿಮೇಷನ್ ವಿಡಿಯೋಗಳ ಮೇಲಿನ ದೂರು ಹಳೆಯದು: ಎಲ್ಲದರಲ್ಲೂ ಅದೇ ಟೈ ಕಟ್ಟಿದ ಗುಮಾಸ್ತ, ಅದೇ ಬಲ್ಬು. ಅದಕ್ಕೆ ಎಲ್ಲರೂ ಹೇಳುವ ಮದ್ದು, ಸಾಫ್ಟ್‌ವೇರಿನ ಲೈಬ್ರರಿ ಬಿಟ್ಟು ಸ್ವಂತ ಚಿತ್ರ ಹಾಕಿ ಎಂಬುದು. ಈ ಮದ್ದಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ವಾದ. 2010ರಲ್ಲಿ ಲಂಡನ್ನಿನ ಆರ್‌ಎಸ್‌ಎ ಸಂಸ್ಥೆಯ ಭಾಷಣಗಳಿಗೆ ಆಂಡ್ರ್ಯೂ ಪಾರ್ಕ್ ಬಿಳಿ ಹಲಗೆಯ ಮೇಲೆ ಬಿಡಿಸಿದ ಚಿತ್ರಗಳಿಂದ ಈ ಪ್ರಕಾರ ಮನೆಮಾತಾಯಿತು. ಅಲ್ಲಿ ಬರೆದದ್ದು ನಿಜವಾದ ಕೈ. ವಿಡಿಯೋ ಅದನ್ನು ವೇಗವಾಗಿ ಓಡಿಸಿತಷ್ಟೆ. ಮುಂದಿನ ಗೆರೆ ಎತ್ತ ಹೋಗುತ್ತದೋ ಎಂಬ ಕುತೂಹಲವೇ ಜನರನ್ನು ಹಿಡಿದು ಕೂರಿಸಿತು. ವೇದಿಕೆಯಲ್ಲಿ ಹಾಡಿನ ಜತೆಜತೆಗೇ ಚಿತ್ರ ಬಿಡಿಸುತ್ತಿದ್ದ ಬಿ.ಕೆ.ಎಸ್. ವರ್ಮ ಅವರನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಸ್ವಂತ ಚಿತ್ರದ ಗತಿ ನೋಡೋಣ. ಜೀವಶಾಸ್ತ್ರದ ಮೇಷ್ಟ್ರೊಬ್ಬರು ಹೃದಯದ ಚಿತ್ರ ಬರೆದು, ಫೋಟೋ ತೆಗೆದು, ಪಿಎನ್‌ಜಿಯಾಗಿ ಇಂಥ ವಿಡಿಯೋ ಮಾಡುವ ವಿಡಿಯೋಸ್ಕ್ರೈಬ್ ಸಾಫ್ಟ್‌ವೇರಿಗೆ ಹಾಕಿದರು ಎನ್ನಿ. ಪಿಎನ್‌ಜಿಯಲ್ಲಿರುವುದು ಬಣ್ಣದ ಚುಕ್ಕೆಗಳು ಮಾತ್ರ; ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬ ದಾಖಲೆ ಅದರಲ್ಲಿಲ್ಲ. ಹಾಗಾಗಿ ಬರೆಯುವಂತೆ ಸಾಫ್ಟ್‌ವೇರ್ ತೋರಿಸುವ ಪರದೆಯ ಕೈ ಸುಮ್ಮನೆ ಗೀಚುತ್ತ ಹೋಗುತ್ತದೆ, ಗೀಚಿದಲ್ಲೆಲ್ಲ ಮೊದಲೇ ಮುಗಿದಿದ್ದ ಚಿತ್ರ ತುಂಡುತುಂಡಾಗಿ ಬಯಲಾಗುತ್ತದೆ. ಗೆರೆಯ ಹಾದಿಯನ್ನು (ಪಾಥ್) ದಾಖಲಿಸುವ ಎಸ್‌ವಿಜಿ ಮಾಡೋಣವೆಂದು ಇಂಕ್‌ಸ್ಕೇಪ್ ಎಂಬ ಚಿತ್ರ ಸಾಫ್ಟ್‌ವೇರಿನ ಟ್ರೇಸ್ ಬಿಟ್‌ಮ್ಯಾಪ್ ಒತ್ತಿದರೆ ಇನ್ನೊಂದು ಪೇಚು. ಅದರ ಮಾಮೂಲಿ ವಿಧಾನ ಪ್ರತಿ ಗೆರೆಯನ್ನೂ ಎರಡು ಅಂಚುಳ್ಳ ತೆಳ್ಳನೆಯ ಆಕಾರವೆಂದು ಎಣಿಸುವುದರಿಂದ ಕೈ ಗೆರೆ ಎಳೆಯುವುದನ್ನು ಬಿಟ್ಟು ಗೆರೆಗೆ ಪ್ರದಕ್ಷಿಣೆ ಹಾಕುತ್ತದೆ. ಫಾಂಟಿನ ‘ಕ್ಷ’ವನ್ನು ಪಾಥ್ ಆಗಿ ಬದಲಾಯಿಸಿ ಹಾಕಿದರೂ ಅಷ್ಟೇ: ಮಗು ತಿದ್ದುವ ಕ್ರಮದಲ್ಲಿ ಅದು ಮೂಡುವುದಿಲ್ಲ, ಹೊರ ಅಂಚು ಮೂಡಿ ಆಮೇಲೆ ಹೊಟ್ಟೆ ತುಂಬುತ್ತದೆ. ಅಕ್ಷರ ಕಲಿಸುವ ವಿಡಿಯೋದಲ್ಲಿ ಇದು ಶುದ್ಧ ತಪ್ಪು ಪಾಠ. ಇದಕ್ಕಿಂತ ಲೈಬ್ರರಿಯ ಹಳಸಲು ಬಲ್ಬೇ ವಾಸಿ, ಅದಾದರೂ ಕ್ರಮವಾಗಿ ಮೂಡುತ್ತದೆ. ದಾರಿ ಇಲ್ಲವೆಂದಲ್ಲ. ಪೆನ್ ಟೂಲ್ ಹಿಡಿದು ಗೆರೆಯ ನಡುವೆಯೇ ಒಂದೊಂದು ಪಾಥ್ ಎಳೆದು, ಮೊದಲು ಮೂಡಬೇಕಾದದ್ದನ್ನು ಕೆಳಗಿಟ್ಟು ಜೋಡಿಸಬೇಕು. ಫೋಟೋವೇ ಬೇಕೆಂದರೆ ಅದರ ಮೇಲೆ ಕಣ್ಣಿಗೆ ಕಾಣದ ದಪ್ಪ ಗೆರೆಗಳನ್ನೆಳೆದು, ಅವುಗಳ ಹಾದಿಯಲ್ಲೇ ಚಿತ್ರ ತೆರೆದುಕೊಳ್ಳುವಂತೆ ಮಾಡಬಹುದು. ಡೂಡ್ಲಿ ಎಂಬ ಇಂಥದೇ ಇನ್ನೊಂದು ಸಾಫ್ಟ್‌ವೇರಿನಲ್ಲೂ ಈ ಹಾದಿಯನ್ನು ಚಿತ್ರದ ಮೇಲೆ ಕೈಯಾರೆ ಗುರುತಿಸಬೇಕು. ಆಗ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶದತ್ತ ಹೋಗುವ ನಾಳ, ಮರಳಿ ಎಡಭಾಗ, ಕೊನೆಗೆ ಮಹಾಪಧಮನಿ: ರಕ್ತ ಹರಿದಂತೆಯೇ ಗೆರೆಯೂ ಹರಿಯುತ್ತದೆ. ಚಿತ್ರ ಸ್ವಂತದ್ದಾಗುವುದು ಇಲ್ಲಿ, ಅಪ್‌ಲೋಡ್ ಬಟನ್ ಒತ್ತಿದಾಗ ಅಲ್ಲ.

ಪರದೆಯ ಕೈಗೆ ವಕಾಲತ್ತು ವಹಿಸುವವರು ಲೋಗನ್ ಫಿಯೊರೆಲ್ಲಾ ಮತ್ತು ರಿಚರ್ಡ್ ಮೇಯರ್ 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದಿಡುವುದುಂಟು. ಡಾಪ್ಲರ್ ಪರಿಣಾಮದ ಪಾಠದಲ್ಲಿ, ಸಿದ್ಧ ಚಿತ್ರ ನೋಡಿದವರಿಗಿಂತ ಕೈ ಬರೆಯುವುದನ್ನು ನೋಡಿದವರು ಕಲಿತದ್ದನ್ನು ಹೊಸ ಪ್ರಶ್ನೆಗಳಿಗೆ ಅನ್ವಯಿಸುವುದರಲ್ಲಿ ಮೇಲಾದರು. ಕೈ ಕಾಣದೆ ಚಿತ್ರವಷ್ಟೇ ಮೂಡಿದಾಗ ಆ ಲಾಭ ಕಾಣಲಿಲ್ಲ. ಇದರಿಂದ ‘ಕೈ ಇದ್ದರೆ ಸಾಕು’ ಎಂಬ ತೀರ್ಮಾನಕ್ಕೆ ಬರುವವರು ಅರ್ಧ ಓದಿದವರು. ಅಲ್ಲಿದ್ದದ್ದು ಪಾಠ ಹೇಳುತ್ತಲೇ ಬರೆಯುತ್ತಿದ್ದ ಶಿಕ್ಷಕರ ಕೈ. ಸಾಫ್ಟ್‌ವೇರಿನಲ್ಲಿರುವುದು ಯಾರದೋ ಕೈಯ ಫೋಟೋ. ಹಾಗೆ ಗೀಚುವ ಕೈಯನ್ನು ಆ ಪ್ರಯೋಗ ಪರೀಕ್ಷಿಸಿಯೇ ಇಲ್ಲವಾದ್ದರಿಂದ ಅದರ ಕೀರ್ತಿಯನ್ನು ಇದಕ್ಕೆ ಕಡ ತರಲಾಗದು. ನೋಡುವವರಿಗೆ ಇಷ್ಟೆಲ್ಲ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಯೂ ಏಳುತ್ತದೆ. ಗೊತ್ತಾಗುವುದಿಲ್ಲವಾದರೆ ಕೈಯ ವೇಷವಾದರೂ ಯಾಕೆ? ಸಮಯದ ಆಕ್ಷೇಪವೊಂದು ಮಾತ್ರ ನ್ಯಾಯವಾದದ್ದು. ಒಂದು ಹೃದಯಕ್ಕೆ ಹತ್ತಾರು ಪಾಥ್‌ಗಳನ್ನು ಎಳೆದು ಕೂರುವ ಪುರುಸೊತ್ತು ಎಲ್ಲ ಮೇಷ್ಟ್ರಿಗೂ ಇರುವುದಿಲ್ಲ. ಅಂಥವರು ಸೆಟ್ಟಿಂಗ್‌ನಲ್ಲಿ ಕೈಯನ್ನು ತೆಗೆದುಹಾಕಿ, ಚಿತ್ರವನ್ನು ಇಡಿಯಾಗಿ ತೋರಿಸಿ, ಬಾಣದ ಗುರುತು ಇಟ್ಟು ಪಾಠ ಹೇಳಲಿ.