ಸರಳಾಳನ್ನು ಯಾರೂ ಕೇಳಲಿಲ್ಲ

ಅಲಖನೂರ, ರಾಯಬಾಗದ ಕಡೆ 'ಮೈಕೈ ತುಂಬ್ಯಾಳ' ಎಂದರೆ ಹೊಗಳಿಕೆ, 'ಎಷ್ಟ್ ಸೊರಗೀದಿ' ಎಂದರೆ ಕಳವಳ. ಹಳಗನ್ನಡದ ಕವಿಗಳಿಗೂ ನಿತಂಬ ಭಾರವಾಗಿಯೇ ಇರಬೇಕಿತ್ತು. ನಡು ಮಾತ್ರ ಬಡವಾಗಬೇಕಿತ್ತು, ಅದಕ್ಕೇ 'ಬಡನಡು' ಎಂಬ ಮಾತು. ಇವತ್ತಿನ ಪ್ರೇಮಕಥೆಗೆ ದಪ್ಪ ಮೈ ಬಂದರೆ ಅದು ಪ್ರೀತಿಸಲು ಬರುವುದಿಲ್ಲ, ಇನ್ನೊಬ್ಬರಿಗೆ ಬುದ್ಧಿ ಕಲಿಸಲು ಬರುತ್ತದೆ. 2017ರ 'ಒಂದು ಮೊಟ್ಟೆಯ ಕಥೆ'ಯನ್ನೇ ನೋಡಿ. ರಾಜ್ ಬಿ. ಶೆಟ್ಟಿಯವರ ಜನಾರ್ದನ ಬೋಳುತಲೆಯ ಕನ್ನಡ ಮೇಷ್ಟ್ರು. ತಲೆ ನೋಡಿಯೇ ಹುಡುಗಿಯರು ಒಲ್ಲೆ ಅನ್ನುತ್ತಾರೆಂಬುದು ಅವನ ಸಂಕಟ. ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಸರಳಾ ಎದುರಿಗೆ ಬಂದು ನಿಂತಾಗ, ಇವಳು ದಪ್ಪಗಿದ್ದಾಳೆ ಎಂದು ಹಿಂಜರಿಯುವವನೂ ಅವನೇ. ಚಿತ್ರದ ಜೀವ ಇರುವುದೇ ಈ ಪೇಚಿನಲ್ಲಿ. ಆದರೆ ಕಥೆಯ ಕಾಳಜಿಯೆಲ್ಲ ಅವನ ಕಣ್ಣು ಯಾವಾಗ ತೆರೆದೀತು ಎಂಬುದು. ಈ ಬೋಳುತಲೆ ನಿನಗೆ ಹಿಡಿಸಿತೇನವ್ವಾ ಎಂದು ಸರಳಾಳನ್ನು ಅಷ್ಟೇ ಆಸ್ಥೆಯಿಂದ ಕೇಳುವವರಿಲ್ಲ.

ಗಂಡಸಿನ ಮೆತ್ತನೆ ಮೈಗೂ ಬೇರೆ ಗತಿಯೇನಿಲ್ಲ. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ (1971) ಮೆತ್ತನೆ ಮೈಯ ದೇವದತ್ತನನ್ನು ಮದುವೆಯಾದ ಪದ್ಮಿನಿಯ ಕಣ್ಣು ಹೋಗುವುದು ಕಮ್ಮಾರನ ಮಗ ಕಪಿಲನ ಕಟ್ಟುಮಸ್ತಾದ ಮೈಯ ಮೇಲೆ. ತಲೆಗಳು ಅದಲುಬದಲಾದ ಮೇಲೆ ದೇವದತ್ತನಿಗೆ ಆ ಮೈ ಸಿಗುತ್ತದೆ, ಅವನ ಮೆತ್ತನೆ ಮೈ ಕಪಿಲನ ಪಾಲಾಗುತ್ತದೆ. ದಿನ ಕಳೆದಂತೆ ದೇವದತ್ತನ ಹೊಸ ಮೈಯೂ ಮೆತ್ತಗಾಗುತ್ತದೆ, ಪದ್ಮಿನಿಯ ಮನಸ್ಸು ಮತ್ತೆ ಕಪಿಲನಿರುವ ಕಾಡಿನ ದಾರಿ ಹಿಡಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ತಲೆ ಬದಲಾಗುವ ಮೊದಲೇ ಅವಳು ಬಸುರಿ. ಮಗು ದೇವದತ್ತನ ಹಳೆಯ ಮೆತ್ತನೆ ಮೈಯದ್ದು. ಕಪಿಲ ತನ್ನ ಹಕ್ಕಿಗಾಗಿ ಹೂಡುವ ವಾದವೂ ಅದೇ. ಕಾಡಿನಲ್ಲಿ ದುಡಿದು ಆ ಮೈಯನ್ನು ಗಟ್ಟಿ ಮಾಡಿಕೊಂಡರೂ ಅದರ ಸ್ಪರ್ಶದ ನೆನಪು ಅವನನ್ನು ಬಿಡುವುದಿಲ್ಲ. ಕಾರ್ನಾಡರು ಆ ಮೈಗೆ ನೆನಪು ಕೊಟ್ಟರು, ಆಸೆ ಹುಟ್ಟಿಸುವ ಶಕ್ತಿ ಕೊಡಲಿಲ್ಲ.

'ಬ್ರಹ್ಮಗಂಟು' ಬಂದಿತ್ತಲ್ಲ ಎನ್ನಬಹುದು. ಜೀ ಕನ್ನಡದಲ್ಲಿ 2017ರಲ್ಲಿ ಶುರುವಾದ ಆ ಧಾರಾವಾಹಿಯಲ್ಲಿ ಗೀತಾ ಭಾರತಿ ಭಟ್ ದಪ್ಪ ಹುಡುಗಿಯಾಗಿಯೇ ನಾಯಕಿ, ಜನ ಮೆಚ್ಚಿದರು. ನಿಜ, ಆದರೆ ಹೆಸರೇ ಹೇಳುವಂತೆ ಆ ಗಂಟು ಹಾಕಿದವನು ಬ್ರಹ್ಮ. ಮೆಚ್ಚಿ ಆರಿಸಿಕೊಂಡ ಹೊಣೆ ನಾಯಕನಿಗಿಲ್ಲ. ಪ್ರೇಮಕಥೆ ಎಂದರೆ ಕನಸು, ಕನಸಿನಲ್ಲೂ ಬೊಜ್ಜು ಯಾಕೆ ಎನ್ನುವವರಿಗೆ ನಿತಂಬಿನಿಯರನ್ನು ನೆನಪಿಸಿದರೆ ಸಾಕು, ಕನಸಿನ ಅಳತೆ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ. ಉಳಿದದ್ದು ಆರೋಗ್ಯದ ಮಾತು. ಶರಚ್ಚಂದ್ರರ ದೇವದಾಸ ಕುಡಿಕುಡಿದೇ ಸತ್ತ, ಓದಿದವರೆಲ್ಲ ಅತ್ತರು, ಅವನ ಲಿವರಿನ ರಿಪೋರ್ಟು ಯಾರೂ ಕೇಳಲಿಲ್ಲ. ನಾಯಕಿ ಇನ್ನೊಂದು ತುಂಡು ಕರದಂಟು ಬಾಯಿಗಿಟ್ಟರೆ ಮಾತ್ರ ಎಲ್ಲರಿಗೂ ಡಾಕ್ಟರು ನೆನಪಾಗುತ್ತಾರೆ.